ಕೌಟು ಕೊಬ್ಬರಿಯೂ ಆಂಡ್ರಾಯ್ಡೂ

ನಮ್ಮ ಚಿಕ್ಕಪ್ಪನ ಎದುರು ಆಂಡ್ರಾಯ್ಡ್ ಪರ ಮಾತಾಡಿ ಕೆಟ್ಟೆ ಕಣ್ರಪ್ಪಾ. ಹೊನ್ನವಳ್ಳಿಯ ಮನೆಯಲ್ಲಿ ಇವತ್ತು ಬೆಳಿಗ್ಗೆ ಅವರ ಫೋನು ಮತ್ತೆ ಹ್ಯಾಂಗ್ ಆಯಿತು. ಅಂಗಡಿಯಲ್ಲಿದ್ದುದರಲ್ಲೇ ತೀರಾ ಅಗ್ಗದ್ದನ್ನು ಹುಡುಕಿ ತಂದವರು ಅವರೇ.

"ಈ ಆಂಡ್ರಾಯ್ಡೇ ಸರಿ ಇಲ್ಲ ಕಣ್ಲಾ. ನಿನ್ನ ಫೋನ್ ನೋಡು, ಬೆಣ್ಣೆ ಇದ್ದಂಗೈತೆ."

"ಇದೂ ಆಂಡ್ರಾಯ್ಡೇ ಚಿಕ್ಕಪ್ಪ."

"ಸುಳ್ಳು ಹೇಳ್ಬ್ಯಾಡ, ಬುಡು."

ಅಷ್ಟರಲ್ಲಿ ಕೊಬ್ಬರಿ ಕೊಳ್ಳಲು ತಿಪಟೂರಿನ ವ್ಯಾಪಾರಿಯೊಬ್ಬರು ಬಂದರು. ನಮ್ಮ ರಾಶಿಯಿಂದ ಒಂದು ಉಂಡೆ ಕೊಬ್ಬರಿ ಎತ್ತಿ ಒಡೆದರೆ, ಕೆಟ್ಟ ಎಣ್ಣೆಯಂಥ ಕೌಟು ವಾಸನೆ ಹೊಡೆಯಿತು. ಮೂಗು ಮುಚ್ಚಿಕೊಂಡು, "ನಿಮ್ಮೂರ ಕೊಬ್ಬರೀನೇ ಸರಿ ಇಲ್ಲ ಕಣ್ರೀ" ಅಂದರು.

ಚಿಕ್ಕಪ್ಪ ಕೆಂಡವಾದರು. "ಒಂದು ಕೌಟು ಕಂಡಿದ್ದಕ್ಕೆ ಊರ ಕೊಬ್ಬರೀನೆಲ್ಲ ಜರೀತೀರೇನ್ರೀ? ಇದ್ಯಾವ ನ್ಯಾಯ?"

ನಾನು ಜಗಲಿಯ ಮೇಲೆ ಇನ್ನೂ ಚಕ್ರ ತಿರುಗಿಸುತ್ತಲೇ ಬಿದ್ದಿದ್ದ ಅವರ ಫೋನನ್ನು ಸುಮ್ಮನೆ ನೋಡಿದೆ, ಅಷ್ಟೇ. ಚಿಕ್ಕಪ್ಪ ನನ್ನ ಕಣ್ಣು ಹೋದ ಕಡೆ ನೋಡಿದರು. ಆಮೇಲೆ ಆ ಕೌಟು ಹೋಳನ್ನು ಇನ್ನೊಮ್ಮೆ ಮೂಸಿ, ವ್ಯಾಪಾರಿಗೆ ಗಂಭೀರವಾಗಿ ಹೇಳಿದರು:

"ಇದೊಂದು ಆಂಡ್ರಾಯ್ಡ್ ಕಣ್ರೀ, ಎಸೀರಿ ಅತ್ಲಾಗೆ. ಮಿಕ್ಕಿದ್ದೆಲ್ಲ ಕೊಬ್ಬರಿ."