ಹನ್ನೊಂದು ಗಂಟೆಯ ಮನೆ ಭೇಟಿ

ರುದ್ರಾಣಿಗೆ ಮೂಗಿನ ತುದಿಯಲ್ಲೇ ಕೋಪ. ಚಾಮರಾಜಪೇಟೆಯ ಅವಳ ಬೀದಿಗೆ ನೀರು ಬಿಡುವವನು ಅವಳ ಮುಖ ಕಂಡರೆ ಸೈಕಲ್ ತಿರುಗಿಸಿಕೊಂಡು ಹೋಗುತ್ತಿದ್ದ. ಎಸ್ಸೆಸ್ಸೆಲ್ಸಿ ಪಾಸಾಗಿ, ಮದುವೆಯಾಗಿ, ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ ಅವಳು ಬಸವನಗುಡಿಯ ಒಂದು ಸೇವಾ ಸಂಸ್ಥೆಯಲ್ಲಿ ಕೆಲಸ ಹಿಡಿದಳು. ಕೈಕಾಲು ಸ್ವಾಧೀನವಿಲ್ಲದ ಮಕ್ಕಳ ಮನೆಗಳಿಗೆ ಹೋಗಿ, ಯಾವ ವ್ಯಾಯಾಮ ಹೇಗೆ ಮಾಡಿಸಬೇಕೆಂದು ತಾಯಂದಿರಿಗೆ ತೋರಿಸಿ, ಬಂದು ಕಡತದಲ್ಲಿ ಬರೆಯಬೇಕು. ಹುದ್ದೆಯ ಹೆಸರು ಕುಟುಂಬ ಕಾರ್ಯಕರ್ತೆ.

ಸಂಸ್ಥೆಯ ಕಾನೂನು ಕಟ್ಟುನಿಟ್ಟು. ತಿಂಗಳಿಗೆ ನಲವತ್ತು ಮನೆ ಭೇಟಿ. ಬೆಳಗ್ಗೆ ಹತ್ತರಿಂದ ಒಂದರ ಒಳಗೆ. ಮನೆ ಎಂದರೆ ಮನೆಯೇ. ಬೀದಿಯಲ್ಲಿ, ಅಂಗಡಿಯಲ್ಲಿ, ದೇವಸ್ಥಾನದಲ್ಲಿ ಕಂಡು ಮಾತಾಡಿದರೆ ಅದು ಲೆಕ್ಕಕ್ಕಿಲ್ಲ. ಬಡವರ ಮನೆಯ ಹೆಂಗಸು ಬೆಳಗ್ಗೆ ಹತ್ತರಿಂದ ಒಂದರವರೆಗೆ ಕಾಲು ಚಾಚಿಕೊಂಡು ಮನೆಯಲ್ಲಿ ಕೂತಿರುತ್ತಾಳೆ ಎಂದು ಯಾವ ಪುಣ್ಯಾತ್ಮ ಕಂಡುಹಿಡಿದನೋ! ಅವನಿಗೆ ಮೂರು ಹೊತ್ತು ಬಿಸಿ ಊಟ ಹಾಕುವ ಹೆಂಡತಿ ಇದ್ದಿರಬೇಕು.

ಗಾಂಧಿ ಬಜಾರಿನ ಹಿಂದಿನ ವಠಾರವೊಂದರಲ್ಲಿ ರಮ್ಯಶ್ರೀ ಎಂಬ ಹುಡುಗಿಯಿದ್ದಳು. ಹುಟ್ಟುವಾಗ ಉಸಿರು ಕಟ್ಟಿ, ಎಡಗೈ ಮತ್ತು ಎರಡೂ ಕಾಲು ಬಿಗಿದುಕೊಂಡಿದ್ದವು. ಮಾತು ತೊದಲು, ಬುದ್ಧಿ ಚುರುಕು. ತಾಯಿ ಕುಸುಮಾ ತರಕಾರಿ ಮಾರುತ್ತಿದ್ದಳು. ಸಂಸ್ಥೆ ಆ ಮಗುವಿಗೆ ಬೆಲ್ಟು ಬಿಗಿಯುವ ಮರದ ಕುರ್ಚಿ ಕೊಟ್ಟಿತ್ತು, ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿತ್ತು. ರುದ್ರಾಣಿ ತಿಂಗಳಿಗೊಮ್ಮೆ ಹನ್ನೊಂದು ಗಂಟೆಗೆ ಸರಿಯಾಗಿ ಹೋಗುತ್ತಿದ್ದಳು. ತಾಯಿಯೂ ಇಲ್ಲ, ಮಗುವೂ ಇಲ್ಲ. ಜಗಲಿಯ ಮೇಲೆ ಅಜ್ಜಿ ಲಕ್ಕಮ್ಮ, ಒಳಗೆ ಖಾಲಿ ಕುರ್ಚಿ. ರುದ್ರಾಣಿಗೆ ಮೈಯೆಲ್ಲ ಉರಿಯುತ್ತಿತ್ತು. ಇಂಥ ಕುರ್ಚಿಗಾಗಿ ಎಷ್ಟು ಜನ ಕಾಯುತ್ತಿದ್ದಾರೆ, ಇವರಿಗೆ ಬೆಲೆಯೇ ಗೊತ್ತಿಲ್ಲ! ಕಡತ ತೆಗೆದು ಅಲ್ಲೇ ನಿಂತು ಬರೆಯುತ್ತಿದ್ದಳು: ‘ಕುಟುಂಬದ ಸಹಕಾರ ಇಲ್ಲ.’ ಮೂರು ವರ್ಷಗಳಲ್ಲಿ ಮೂವತ್ತೊಂದು ಸಲ ಬರೆದಳು.

ತೊಂಬತ್ತೊಂಬತ್ತರ ನವೆಂಬರಿನಲ್ಲಿ ಮಲ್ಲೇಶ್ವರದ ಒಂದು ಸಭಾಂಗಣದಲ್ಲಿ ಕಾರ್ಯಕರ್ತೆಯರಿಗೆಲ್ಲ ಮೂರು ದಿನದ ತರಬೇತಿ ಇಟ್ಟರು. ಕಲಿಸಲು ಬಂದವಳು ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಇಪ್ಪತ್ತೈದರ ಹುಡುಗಿ. ಹನ್ನೊಂದು ವರ್ಷ ಮನೆ ಮನೆ ತಿರುಗಿ ಚಪ್ಪಲಿ ಸವೆಸಿದ ರುದ್ರಾಣಿ ಪಕ್ಕದವಳ ಕಿವಿಯಲ್ಲಿ, “ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದಿದಾಳೆ ನೋಡು,” ಎಂದಳು.

ಮೂರನೆಯ ದಿನ ಆ ಹುಡುಗಿ ಎಲ್ಲರ ಕಡತಗಳನ್ನು ತಿರುವಿಹಾಕಿ ಒಂದೇ ಪ್ರಶ್ನೆ ಕೇಳಿದಳು. “ಸಹಕಾರ ಇಲ್ಲ, ಸಹಕಾರ ಇಲ್ಲ ಅಂತ ಬರ್ದಿದೀರಲ್ಲ, ಇದನ್ನ ಕಣ್ಣಾರೆ ನೋಡಿ ಬರೆದಿದ್ದಾ, ಊಹೆ ಮೇಲೆ ಬರೆದಿದ್ದಾ?”

ಅವಳು ಒಂದು ಕೆಲಸ ಕೊಟ್ಟಳು. ಒಂದು ಮನೆ ಆರಿಸಿಕೊಳ್ಳಿ. ಒಂದು ವಾರ ಏನೂ ಕಲಿಸಬೇಡಿ. ಮಗು ಎಲ್ಲಿರುತ್ತೆ, ಯಾರ ಹತ್ತಿರ ಇರುತ್ತೆ, ಏನು ಮಾಡುತ್ತೆ, ಎಷ್ಟು ಹೊತ್ತು ಕೂರುತ್ತೆ, ಗಡಿಯಾರ ನೋಡಿ ಬರೆಯಿರಿ. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿ, ಏನಾಯಿತು ಬರೆಯಿರಿ. ಸರಿಹೋಗದಿದ್ದರೆ ಕೈಬಿಟ್ಟು ಬೇರೆ ಮಾಡಿ, ಅದನ್ನೂ ಬರೆಯಿರಿ.

ರುದ್ರಾಣಿ ಬೇಕೆಂದೇ ಕುಸುಮಾಳ ಮನೆ ಆರಿಸಿಕೊಂಡಳು. ಸಹಕಾರ ಇಲ್ಲ ಎಂದರೆ ಹೇಗಿರುತ್ತದೆ ಎಂದು ಈ ಚಿಳ್ಳೆಗೆ ತೋರಿಸಿಯೇಬಿಡಬೇಕು ಎಂಬ ಹಟ ಅವಳದು.

ಮಾರನೆಯ ದಿನ ಹನ್ನೊಂದಕ್ಕೆ ಹೋದರೆ ಮತ್ತದೇ ಜಗಲಿ, ಅದೇ ಲಕ್ಕಮ್ಮ.

“ಮಗು ಎಲ್ಲಜ್ಜೀ?”

“ಅವ್ವನ ಜತೆ ಅಂಗಡಿತಾವ ಐತೆ ಕಣವ್ವ. ನಿಮ್ಗೆ ಎಷ್ಟು ದಪ ಹೇಳಿವ್ನಿ?”

ನಿಜ, ಮುದುಕಿ ಪ್ರತಿಸಲವೂ ಹೇಳಿದ್ದಳು. ಅಂಗಡಿಗೆ ಹೋದರೆ ಮನೆ ಭೇಟಿ ಆಗುವುದಿಲ್ಲವಲ್ಲ ಎಂದು ರುದ್ರಾಣಿ ಪ್ರತಿಸಲವೂ ಹಿಂದಕ್ಕೆ ಹೋಗಿದ್ದಳು. ಈ ಸಲ ಅಂಗಡಿಗೇ ಹೋದಳು. ವಠಾರದ ಬಾಯಿಂದ ನೂರು ಹೆಜ್ಜೆ ಇರಬಹುದು.

ಸೊಪ್ಪಿನ ರಾಶಿಯ ಹಿಂದೆ, ದೊಡ್ಡ ಬಿದಿರಿನ ಮಂಕರಿಯಲ್ಲಿ ರಮ್ಯಶ್ರೀ ಕೂತಿದ್ದಳು. ಸೊಂಟದ ಸುತ್ತ ಗೋಣಿಚೀಲ ಮಡಿಸಿ ತುರುಕಿತ್ತು. ಮಂಕರಿಯ ಒಂದು ಪಕ್ಕ ಸೀಳಿ ಕಾಲು ಹೊರಗೆ ಬರುವ ಹಾಗೆ ಮಾಡಿ, ಪಾದದ ಕೆಳಗೆ ಇಟ್ಟಿಗೆ ಇಟ್ಟಿದ್ದರು. ಮುಂದೆ ನೆನೆಸಿದ ಅವರೆಕಾಳಿನ ಬೊಗುಣಿ. ಹುಡುಗಿ ನಾಲಿಗೆ ಕಚ್ಚಿಕೊಂಡು, ಬಿಗಿದ ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಒಂದು ಕಾಳು ಹಿಡಿದು ಹಿತಕುತ್ತಿದ್ದಳು. ಬೇಳೆ ಪುಳಕ್ಕನೆ ಹಾರಿ ಬದನೆಕಾಯಿ ರಾಶಿಗೆ ಬಿತ್ತು. ಹುಡುಗಿ ನಕ್ಕಳು.

ಕುಸುಮಾ ಗಾಬರಿಯಾಗಿ ಎದ್ದಳು. “ಬನ್ನಿ ಮೇಡಂ, ಕೂತ್ಕೊಳ್ಳಿ. ನಿಮ್ಮ ಕುರ್ಚೀನ ಇಲ್ಲಿಗೆ ತರೋಕೆ ಜಾಗ ಇಲ್ಲ ಮೇಡಂ, ಬೈಬೇಡಿ. ಚೆಂಡು ಕೊಟ್ರೆ ಬಿಸಾಕ್ತಾಳೆ. ಇದಾದ್ರೆ ತಾನಾಗೇ ಕೇಳಿ ಇಸ್ಕೋತಾಳೆ.”

ರುದ್ರಾಣಿ ಬೈಯಲಿಲ್ಲ. ಗಡಿಯಾರ ನೋಡಿದಳು. ಹದಿನೈದು ನಿಮಿಷ ಕೂತು ಹುಡುಗಿ ಎಡಕ್ಕೆ ವಾಲಿದಳು. ಅಷ್ಟರಲ್ಲಿ ಎಡಗೈಯಿಂದ ಏಳು ಕಾಳು ಹಿತಕಿದ್ದಳು. ಸಂಸ್ಥೆಯ ಕುರ್ಚಿಯಲ್ಲಿ ಇದೇ ಹುಡುಗಿ ಐದು ನಿಮಿಷಕ್ಕೆ ಅತ್ತಳು ಎಂದು, ಕುರ್ಚಿ ಕೊಟ್ಟ ದಿನದ ಹಳೆಯ ಪುಟದಲ್ಲಿ ಅವಳೇ ಬರೆದಿದ್ದಳು.

ಅಂದಿನಿಂದ ಅವಳು ದಿನಾ ಬೆಳಗ್ಗೆ ಏಳೂವರೆಗೆ, ಕಚೇರಿ ಹೊತ್ತಿಗೆ ಮುಂಚೆ, ಅಂಗಡಿಗೆ ಬರತೊಡಗಿದಳು. ಲೆಕ್ಕಕ್ಕಿಲ್ಲದ ಭೇಟಿ. ಒಂದು ವಾರ ಬರೀ ನೋಡಿ ಬರೆದು, ಆಮೇಲೆ ಬೊಗುಣಿಯನ್ನು ಎಡಕ್ಕೆ ಸರಿಸಿ ನೋಡಿದಳು. ನಾಲ್ಕು ದಿನದಲ್ಲಿ ಹುಡುಗಿ ಇನ್ನೂ ಹೆಚ್ಚು ವಾಲಿದಳು. ಅದನ್ನು ಬರೆದು, ಬೊಗುಣಿಯನ್ನು ನಡುವಿಗೆ ತಂದಳು. “ಇಟ್ಟಿಗೆ ಸ್ವಲ್ಪ ತಗ್ಗಾಯ್ತೇನೋ,” ಎಂದು ಕುಸುಮಾ ಅರ್ಧ ಇಟ್ಟಿಗೆ ಸೇರಿಸಿದಳು. ಬೆನ್ನು ನೆಟ್ಟಗಾಯಿತು. ಅದನ್ನೂ ಬರೆದಳು. ಬುದ್ಧಿ ಯಾರದು ಎಂಬುದನ್ನೂ ಬರೆದಳು. ‘ಮೇಡಂ’ ಹೋಗಿ ‘ಅಕ್ಕ’ ಆಯಿತು. ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ ರಮ್ಯಶ್ರೀ ವಾಲದೆ ಮುಕ್ಕಾಲು ಗಂಟೆ ಕೂರುತ್ತಿದ್ದಳು. ಎಡಗೈಯೊಂದರಿಂದಲೇ ಅರ್ಧ ಪಾವು ಬೇಳೆ ಹಿತಕುತ್ತಿದ್ದಳು.

ಮುಕ್ಕಾಲು ಗಂಟೆಗೆ ಬೆಲೆಯಿತ್ತು. ಹತ್ತಿರದ ಶಾಲೆಯ ಹೆಡ್‌ಮಿಸ್ ಕಲ್ಯಾಣಮ್ಮ ಹೇಳಿದ್ದರು: “ಮಗು ಒಂದು ಪೀರಿಯಡ್ ಬೆಂಚಿನ ಮೇಲೆ ಕೂತ್ಕೊಳತ್ತೆ ಅಂತ ನಿಮ್ಮ ಸಂಸ್ಥೆಯಿಂದ ಪತ್ರ ತನ್ನಿ, ಜೂನ್‌ನಲ್ಲಿ ಸೇರಿಸ್ಕೋತೀನಿ. ಈಗ್ಲೇ ಎಂಟು ವರ್ಷ. ಮುಂದಿನ ವರ್ಷ ಅಂದ್ರೆ ಒಂದನೇ ಕ್ಲಾಸಿಗೆ ನನ್ನ ಕೈಲಾಗಲ್ಲ.”

ಆ ಪತ್ರ ಕೇಳಲು ಫೆಬ್ರವರಿಯ ಸಭೆಗೆ ರುದ್ರಾಣಿ, ದಿನಾ ಬರೆದಿಟ್ಟ ಪುಸ್ತಕವನ್ನೂ, ಮಂಕರಿಯಲ್ಲಿ ಕೂತ ಹುಡುಗಿಯ ಫೋಟೋವನ್ನೂ ಹಿಡಿದುಕೊಂಡು ಹೋದಳು. ಸಂಸ್ಥೆಯ ನಿರ್ದೇಶಕರು ಮಲ್ಲಿಕಾರ್ಜುನಯ್ಯ, ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಪುಸ್ತಕ ಮುಟ್ಟಲಿಲ್ಲ. ಫೋಟೋ ನೋಡಿ ಹೌಹಾರಿದರು.

“ಇದೇನ್ರೀ ಇದು? ಮಗು ಕೈಲಿ ಕಾಳು ಹಿತಕಿಸಿ ವ್ಯಾಪಾರ ಮಾಡ್ತಿದಾರೆ! ಬಾಲಕಾರ್ಮಿಕ ಪದ್ಧತಿ ಇದು. ನಮಗೆ ಹಣ ಕೊಡೋರು ನೋಡಿದ್ರೆ ಸಂಸ್ಥೆ ಬಾಗಿಲು ಹಾಕಿಸ್ತಾರೆ.”

“ಸಾರ್, ಅದೇ ಬೆರಳಲ್ಲಿ ನಿಮ್ಮ ರಬ್ಬರ್ ಚೆಂಡು ಹಿಸುಕಿದ್ರೆ ಚಿಕಿತ್ಸೆ, ಅವರೆಕಾಳು ಹಿತಕಿದ್ರೆ ಕೂಲಿನಾ?”

“ದನಿ ತಗ್ಗಿಸಿ.” ಅವರು ಹಳೆಯ ಕಡತ ತೆಗೆದು ಅವಳ ಕಡೆ ತಿರುಗಿಸಿದರು. “ಕುಟುಂಬದ ಸಹಕಾರ ಇಲ್ಲ, ಮೂವತ್ತೊಂದು ಸಲ. ಯಾರ ಕೈಬರಹ? ಪುರಾವೆ ನೋಡಿ ಕೆಲಸ ಮಾಡ್ಬೇಕು ಅಂತ ಮಲ್ಲೇಶ್ವರದಲ್ಲಿ ಕಲಿಸಿದ್ರಲ್ಲ? ಇದು ಪುರಾವೆ. ಇಂಥ ಮನೆಗೆ ಪತ್ರ ಕೊಡಕ್ಕಾಗಲ್ಲ. ಕಡತ ಮುಚ್ಚಿ.”

ನೋಡಿ ನ್ಯಾಯ! ನಾಲ್ಕು ಗಂಟೆಗೆ ಎದ್ದು, ಮಾರ್ಕೆಟ್ಟಿಗೆ ಹೋಗಿ, ಮಗಳನ್ನು ಸೊಂಟದ ಮೇಲೆ ಹೊತ್ತು ತಂದು, ಮಂಕರಿ ಸೀಳಿ, ಗೋಣಿ ಮಡಿಸಿ ಕೂರಿಸಿದ ತಾಯಿ ಕೂಲಿ ಮಾಡಿಸುವವಳು. ಆ ಮಗುವನ್ನು ಕಣ್ಣೆತ್ತಿಯೂ ನೋಡದವರು ದೀನಬಂಧುಗಳು. ರುದ್ರಾಣಿಯ ಕಿವಿ ಕೆಂಪಾಯಿತು. ಆದರೆ ಕೈಬರಹ ಅವಳದೇ ಆಗಿತ್ತು.

ಸಂಜೆ ನೇರ ಅಂಗಡಿಗೆ ಹೋಗಿ ಕುಸುಮಾಳಿಗೆ ಎಲ್ಲ ಹೇಳಿದಳು. ತಾನು ಏನು ಬರೆದಿದ್ದೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಕುಸುಮಾ ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದವಳು ನಿಲ್ಲಿಸಿದಳು.

“ನಾನೆಲ್ಲೂ ಓಡೋಗಿರ್ಲಿಲ್ಲ ಅಕ್ಕ. ಇಲ್ಲೇ ಕೂತಿದ್ದೆ. ನೀವು ಬಂದು ಹೋದ್ರಿ ಅಂತ ಅತ್ತೆ ಹೇಳೋರು. ನಾಳೆ ಬರ್ತೀರೇನೋ, ಸಾಯಂಕಾಲ ಬರ್ತೀರೇನೋ ಅಂತ ಆ ಕುರ್ಚಿ ಒರೆಸಿಡ್ತಿದ್ದೆ.”

ಅಷ್ಟು ಹೇಳಿ ಮತ್ತೆ ಕೊತ್ತಂಬರಿ ಕೈಗೆತ್ತಿಕೊಂಡಳು. ಬೈದಿದ್ದರೆ ವಾಸಿಯಿತ್ತು. ಮನೆಗೆ ನಡೆದು ಹೋಗುವಾಗ ರುದ್ರಾಣಿಗೆ ದಾರಿಯುದ್ದಕ್ಕೂ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೂರು ವರ್ಷ ನೆಲ ಡೊಂಕು ಎಂದು ಬರೆದು ಸಹಿ ಹಾಕಿದ್ದಳು.

ಮರುದಿನ ಹತ್ತು ಗಂಟೆಗೆ ನಿರ್ದೇಶಕರ ಎದುರಿನ ಕುರ್ಚಿಯಲ್ಲಿ, ಅವರು ಕೂರಿ ಎನ್ನುವ ಮುಂಚೆಯೇ ಕೂತಳು. ಕಡತ ಬಿಚ್ಚಿ ಕೆಂಪು ಪೆನ್ನು ತೆಗೆದಳು. ಮೊದಲ ಸಾಲಿನ ‘ಕುಟುಂಬದ’ ಎಂಬುದನ್ನು ಹೊಡೆದು ಮೇಲೆ ‘ಕಾರ್ಯಕರ್ತೆಯ’ ಎಂದು ಬರೆದಳು. ಕಾರ್ಯಕರ್ತೆಯ ಸಹಕಾರ ಇಲ್ಲ. ಪಕ್ಕದಲ್ಲಿ ಸಹಿ, ತಾರೀಕು. ಎರಡನೆಯ ಸಾಲು. ಮೂರನೆಯದು.

“ಏನ್ ಮಾಡ್ತಿದೀರಿ? ಅದು ಸಂಸ್ಥೆಯ ದಾಖಲೆ!”

“ಹೌದು ಸಾರ್, ಅದಕ್ಕೇ ತಿದ್ತಿದೀನಿ. ಭೇಟಿ ಹೊತ್ತು ನೋಡಿ. ಹನ್ನೊಂದು, ಹನ್ನೊಂದು, ಹನ್ನೊಂದು. ತರಕಾರಿ ಮಾರೋಳು ಹನ್ನೊಂದು ಗಂಟೆಗೆ ಮನೇಲಿರ್ತಾಳಾ? ಈ ಹೊತ್ತು ಗೊತ್ತುಮಾಡಿದ್ದು ನೀವು, ಕುರಿ ಹಾಗೆ ಹೋಗಿ ಬಂದಿದ್ದು ನಾನು. ಬರೋ ವಾರ ಹಣ ಕೊಡೋರು ತಪಾಸಣೆಗೆ ಬರ್ತಾರಲ್ಲ, ಅವರ ಮುಂದೆ ಮೂವತ್ತೊಂದು ಸಾಲೂ ನಾನೇ ಓದ್ತೀನಿ. ಆಮೇಲೆ ಅವರನ್ನ ಅಂಗಡಿಗೆ ಕರ್ಕೊಂಡ್ ಹೋಗ್ತೀನಿ. ಬಾಲಕಾರ್ಮಿಕ ಅಂತ ಅವರೇ ಹೇಳ್ಲಿ.”

ಅವಳು ಮೂವತ್ತೊಂದನೆಯ ಸಾಲು ಮುಗಿಸುವ ಹೊತ್ತಿಗೆ ಮಲ್ಲಿಕಾರ್ಜುನಯ್ಯ ಟೈಪಿಸ್ಟನನ್ನು ಕರೆದು ಶಾಲೆಗೆ ಪತ್ರ ಹೇಳಿ ಬರೆಸಿದರು. ಅದರ ಬೆನ್ನಿಗೇ ಇನ್ನೊಂದು ಕಾಗದವನ್ನೂ ಹೇಳಿದರು: ದಾಖಲೆ ತಿದ್ದಿದ್ದಕ್ಕೆ ರುದ್ರಾಣಿಗೆ ಮೆಮೊ. ಅವಳು ಎರಡನ್ನೂ ತೆಗೆದುಕೊಂಡಳು. ಮನೆ ಭೇಟಿಯ ಹೊತ್ತು ಮಾತ್ರ ಬದಲಾಗಲಿಲ್ಲ. ಇನ್ನೂ ಎಷ್ಟು ಮನೆಗಳ ಕಡತದಲ್ಲಿ ಆ ಮಾತು ಹಾಗೇ ಕೂತಿದೆಯೋ!

ಜೂನಿನಲ್ಲಿ ಕಲ್ಯಾಣಮ್ಮ ಮಾತು ಉಳಿಸಿಕೊಂಡರು. ಬೆಂಚಿನ ಮೇಲೆ ಗೋಣಿಚೀಲ ಮಡಿಸಿ ರಮ್ಯಶ್ರೀಯನ್ನು ಕೂರಿಸಿದರು, ಕಾಲಿಗೆ ಒಂದೂವರೆ ಇಟ್ಟಿಗೆ. ಶಾಲೆ ಶುರುವಾದ ಮೂರನೆಯ ದಿನ ಹನ್ನೊಂದು ಗಂಟೆಗೆ ರುದ್ರಾಣಿ ಹಳೆಯ ಅಭ್ಯಾಸದಂತೆ ವಠಾರದ ಮುಂದೆ ಹಾದು ಹೊರಟಳು. ಬಾಗಿಲು ತೆರೆದಿತ್ತು. ಒಳಗೆ, ಒರೆಸಿ ಹೊಳೆಯುತ್ತಿದ್ದ ಆ ಮರದ ಕುರ್ಚಿಯ ಪಕ್ಕದಲ್ಲಿ, ಕುಸುಮಾ ಒಗೆದ ಸೀರೆ ಉಟ್ಟು ಕೂತಿದ್ದಳು.

“ಅಯ್ಯೋ, ವ್ಯಾಪಾರದ ಹೊತ್ತು! ಇಲ್ಲೇನು ಮಾಡ್ತಿದೀಯೇ?”

“ಅಂಗಡಿ ಮುಚ್ಚಿ ಬಂದೆ ಅಕ್ಕ. ಈ ಹೊತ್ತಿಗಲ್ವಾ ನೀವು ಬರ್ತಿದ್ದಿದ್ದು? ನಿನ್ನೇನೂ ಕೂತಿದ್ದೆ.” ಕುಸುಮಾ ಎದ್ದು ನಿಂತಳು. “ಒಂದು ಸಲನಾದ್ರೂ ನಿಮ್ಮ ಪುಸ್ತಕದಲ್ಲಿ ಬರೀರಿ, ಹೋದಾಗ ಇದ್ರು ಅಂತ.”

ರುದ್ರಾಣಿ ಹೊಸ್ತಿಲ ಮೇಲೇ ಕುಳಿತು ಪುಸ್ತಕ ತೆಗೆದು, ಹೊತ್ತು ಹಾಕಿ ಬರೆದಳು. ಬರೆದದ್ದನ್ನು ಕುಸುಮಾಳಿಗೆ ಎರಡು ಸಲ ಓದಿ ಹೇಳಿದಳು.