ತುರುಬಿಗೆ ಬಿಟ್ಟ ಜಾಗ

ಕಳೆದ ವಾರ ಮುಂಬೈಯ ವಿಲೆ ಪಾರ್ಲೆ ಸ್ಟೇಷನ್ ಹೊರಗೆ ನಾನೂ ಹೆಂಡತಿಯೂ ಟ್ಯಾಕ್ಸಿ ಹತ್ತಿದೆವು. ಹಳೆಯ ಗಾಡಿ. ಕನ್ನಡಿಗೆ ಕಟ್ಟಿದ್ದ ಮಲ್ಲಿಗೆ ಬಾಡಿ ವಾಸನೆ ಬರುತ್ತಿತ್ತು. ಹಿಂದಕ್ಕೆ ಒರಗಿದರೆ ತಲೆಗೆ ಆಸರೆಯೇ ಇಲ್ಲ. ಆಗ ಗೊತ್ತಾಯಿತು, ಇದು ನಮ್ಮದೇ ಕಾರು... ಸರ್ ಮಾಡಿದ ಕಾರು.

ಪವಾಯಿಯ ನಮ್ಮ ಕಾರು ವಿನ್ಯಾಸ ಕಚೇರಿಯ ಮುಖ್ಯಸ್ಥರು ಧಾರವಾಡದವರು; ಅವರನ್ನು ಎಲ್ಲರೂ ಬರೀ ಸರ್ ಎನ್ನುತ್ತಿದ್ದೆವು. ಮೊದಲ ಸಲ ಕಾರು ಕೊಳ್ಳುವ ಕುಟುಂಬಗಳಿಗೆಂದು ಡಿಕ್ಕಿ ಇರುವ ಸಣ್ಣ ಸೆಡಾನ್ ಮಾಡುವುದು ನಮ್ಮ ಕೆಲಸ. ಇಲ್ಲಿ ಗೆದ್ದರೆ ಆಫ್ರಿಕಾಕ್ಕೂ ಕಳಿಸುವುದಿತ್ತು. ಹಿಂದಿನ ಸೀಟಿನ ನಕ್ಷೆ ನನ್ನ ಪಾಲಿಗೆ ಬಂದಿತ್ತು. ಸೀಟಿನಲ್ಲಿ ಕೂರಿಸಿ ನೋಡುವ ಪರದೇಶದ ಅಳತೆಯ ಗೊಂಬೆಗಳನ್ನು ಸರ್ ನಂಬುತ್ತಿರಲಿಲ್ಲ. ಪ್ಲೈವುಡ್ಡಿನ ಮಾದರಿ ಸಿದ್ಧವಾದ ದಿನ ವಡಾಲದ ಮನೆಯಿಂದ ತಮ್ಮ ಹೆಂಡತಿಯನ್ನೇ ಕರೆತಂದರು. ನಮಗೆಲ್ಲ ಅವರು ವೈನಿ, ಅತ್ತಿಗೆ. ಇಳಕಲ್ ಸೀರೆ ಉಟ್ಟು, ತುರುಬಿಗೆ ಮಲ್ಲಿಗೆ ಮುಡಿದು, ಮದುವೆಗೆ ಹೊರಟವರ ಹಾಗೆ ಬಂದಿದ್ದರು. ಹತ್ತಿದರು, ಇಳಿದರು, ಮತ್ತೆ ಹತ್ತಿ ಕೂತರು.

"ಈ ದಿಂಬು ತುರುಬಿಗೆ ಬಡೀತೈತ್ರಿ. ಊರತನಾ ಹಿಂಗ ತಲಿ ಬಗ್ಗಿಸ್ಕೊಂಡು ಕೂಡ್ರೂದೇನು?"

ಸರ್ ನಕ್ಕುಬಿಟ್ಟರು. "ಇಂಥವ್ರಿಗೇ ಅಲ್ಲೇನು ನಾವು ಕಾರ್ ಮಾಡಾಕತ್ತಿದ್ದು? ತೆಗದ್ ಬಿಡು ತಮ್ಮಾ ಅದನ್ನ."

ಹೆಡ್‌ರೆಸ್ಟ್ ತೆಗೆದೆ. ಸೀಟಿನ ಬೆನ್ನನ್ನೂ ತಗ್ಗಿಸಿದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಕುತ್ತಿಗೆ ಉಳಿಯುವುದಿಲ್ಲ ಎಂದು ಪರೀಕ್ಷೆ ಮಾಡುವವರು ಬರೆದು ಕಳಿಸಿದರು. ಆಗ ಅದೇನೂ ಕಡ್ಡಾಯವಿರಲಿಲ್ಲ, ಖರ್ಚು ಉಳಿಯಿತೆಂದು ಮೇಲಿನವರೂ ಖುಷಿಯಾಗಿದ್ದರು. ಒಂದು ಸಂಜೆ ಸರ್ ಆ ಕಾಗದ ಹಿಡಿದು ನನ್ನ ಮೇಜಿಗೆ ಬಂದು, "ನೀ ಏನಂತಿ?" ಎಂದರು. ಅವರಿಗೆ ಅನುಮಾನ ಬಂದಿತ್ತು. ತೆಗೆಯುವುದು ಬೇಡ ಎಂದಿದ್ದರೆ ಮೂರು ತಿಂಗಳ ನಕ್ಷೆಯೆಲ್ಲ ಮತ್ತೆ ಬರೆಯಬೇಕಿತ್ತು, ಮೈಗಳ್ಳ ನಾನು. "ನೀವು ಮಾಡಿದ್ದೇ ಸರಿ ಸರ್" ಎಂದೆ. ಅವರು ಸಹಿ ಹಾಕಿದರು.

ಕಾರು ಮಾರಾಟಕ್ಕೆ ಬಂದ ತಿಂಗಳೇ ಸರ್ ಒಂದು ಕೊಂಡರು. ಹಿಂದಿನ ಸೀಟು ತಮ್ಮದೇ ಎಂದು ವೈನಿಗೆ ಹೆಮ್ಮೆ, ಮುಂದೆ ಕೂರಲು ಒಪ್ಪುತ್ತಿರಲಿಲ್ಲ. ಊರಿಗೆ ಹೊರಟಿದ್ದಾಗ ಪುಣೆಯ ಹಾದಿಯಲ್ಲಿ, ಟ್ರಾಫಿಕ್ಕಿನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಟೆಂಪೊ ಗುದ್ದಿತು. ಡಿಕ್ಕಿಯಷ್ಟೇ ಮುದುಡಿತ್ತು. ಮುಂದಿನ ಸೀಟಿಗೆ ಹೆಡ್‌ರೆಸ್ಟ್ ಇತ್ತು, ಕಾರು ಓಡಿಸುತ್ತಿದ್ದ ಸರ್‌ಗೆ ಏನೂ ಆಗಲಿಲ್ಲ. ವೈನಿ ಕುತ್ತಿಗೆ ಮುರಿದು, ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಕಾರ್ಯ ಮುಗಿಸಿ ಕಚೇರಿಗೆ ಬಂದ ಸರ್ ನೇರ ಹೋಗಿ ಪ್ಲೈವುಡ್ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ನಾನು ಬಾಗಿಲ ಬಳಿ ನಿಂತೆ.

"ಆಕಿ ಬರೇ ಬಡೀತೈತಿ ಅಂದಿದ್ಲೋ ತಮ್ಮಾ. ತೆಗೀರಿ ಅಂದಿರ್ಲಿಲ್ಲ..."

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನವೇ ಕೆಲಸ ಬಿಟ್ಟರು. ಕೆಲವು ವರ್ಷಗಳ ಮೇಲೆ ಅವರೂ ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ...

ಟ್ಯಾಕ್ಸಿ ಸಿಗ್ನಲ್ಲಿನಲ್ಲಿ ನಿಂತಿತು. ಬೆನ್ನಿಗೇ ಬಸ್ಸೊಂದು ಬ್ರೇಕ್ ಹಾಕಿದ ಸದ್ದು. ನನ್ನ ಕೈ ತಾನಾಗಿ ಹೆಂಡತಿಯ ಕುತ್ತಿಗೆಯ ಹಿಂದೆ ಹೋಯಿತು.

"ಏನ್ರೀ ಇದು, ಮಂದಿ ನೋಡ್ತಾರ" ಎಂದಳು.

ಇಳಿಯುವವರೆಗೂ ಕೈ ತೆಗೆಯಲಿಲ್ಲ.