ಎಂಟಕ್ಕೇ ನಿಂತ ಹೆಸರು

“ಸಾಹೇಬ್ರ, ನಾ ಗಂಡಸಿನಂಗ ಕಾಣ್ತೇನೇನ್ರಿ?”

ಇಳಕಲ್ಲಿನಿಂದ ಬಸ್ಸು ಹಿಡಿದು ಬಂದಿದ್ದ ಹನುಮಂತವ್ವ ಬಾಗಲಕೋಟೆಯ ನಮ್ಮ ಕೈಮಗ್ಗ ಇಲಾಖೆಯ ಕಚೇರಿಯಲ್ಲಿ ಹೀಗೆ ಕೇಳಿದಾಗ ಅಕ್ಕಪಕ್ಕದವರು ನಕ್ಕರು. ಆಕೆ ನಗಲಿಲ್ಲ. ವಿಧವೆಯರಿಗೆ ಮಗ್ಗ ಕೊಡುವ ಪಟ್ಟಿಯಿಂದ ಆಕೆಯ ಹೆಸರು ಬಿದ್ದುಹೋಗಿತ್ತು.

ಅದು ಎಂಬತ್ತರ ದಶಕದ ಕೊನೆ. ಕಚೇರಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಜಾಗ ಉಳಿಯಲೆಂದು ಹೆಸರಿನ ಖಾನೆಗೆ ಇಂಗ್ಲಿಷಿನ ಎಂಟೇ ಅಕ್ಷರದ ಮಿತಿ ಹಾಕಿದವನು ನಾನೇ. ಒಂಬತ್ತನೆಯದನ್ನು ಒತ್ತಿದರೆ ಅದು ತೆಗೆದುಕೊಳ್ಳುತ್ತಿರಲಿಲ್ಲ. ಹೀಗಾಗಿ ಹನುಮಂತವ್ವ HANUMANT ಎಂಬಲ್ಲಿಗೇ ನಿಂತು ಬರೀ ‘ಹನುಮಂತ’ ಆಗಿದ್ದಳು. ಗಂಡಸಿನ ಹೆಸರೆಂದು ಮೇಲಧಿಕಾರಿ ಅದರ ಮೇಲೆ ಗೆರೆ ಎಳೆದಿದ್ದರು.

“ತಪ್ಪು ನಂದ ಐತ್ರಿ ಯವ್ವಾ. ಆದ್ರ ಮಗ್ಗ ಎಲ್ಲಾ ಹಂಚಿ ಮುಗದಾವ. ಮುಂದಿನ ವರ್ಷ ಮತ್ತ ಅರ್ಜಿ ಹಾಕ್ರಿ,” ಎಂದೆ.

“ನಮ್ಮವ್ವ ಇಟ್ಟ ಹೆಸರು ಪೂರ್ತಿ ಬರಕೊಳ್ಳಾಕ ಆಗಲಿಲ್ಲ ನಿಮಗ,” ಎಂದವಳೇ ಅರ್ಜಿಯ ಪ್ರತಿಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೊರಟುಹೋದಳು.

ಮರುದಿನವೇ ಖಾನೆಯನ್ನು ಮೂವತ್ತು ಅಕ್ಷರಕ್ಕೆ ಹಿಗ್ಗಿಸಿದೆ. ಮರುವರ್ಷ ಇಳಕಲ್ಲಿನಿಂದ ಬಂದ ಅರ್ಜಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಆಕೆಯದು ಇರಲಿಲ್ಲ.